ʻಸೈಡುʼ ಯಾರ ಮನೆಯದು

“ಬಾಯಿ ಅಷ್ಟಗಲ ತೆಗೀತೀಯ, ಬರೀ ಗಾಳಿ ಬರ್ತದಲ್ಲೇ ಪುಟ್ಟೀರಿ!” ಎಂದು ತಿಪ್ಪಯ್ಯ ಮೇಷ್ಟ್ರು ಓಣಿಯ ನಡುವೆ ನಿಂತು ನಗಾಡಿದರು. ನಗು ಮುಗಿಯುವ ಮೊದಲೇ ನೀರಿನ ಗಾಡಿಯ ಗಾಲಿ ಅವರ ಬಲಗಾಲ ಹೆಬ್ಬೆರಳನ್ನು ಹತ್ತಿ ಇಳಿದಿತ್ತು.

“ಅಯ್ಯಯ್ಯಪ್ಪೋ! ಕೂಗ್ಬಾರ್ದೇನೇ?”

“ಕೂಗ್ದೆ ಮೇಷ್ಟ್ರೇ, ಕೂಗ್ದೆ! ಗಂಟ್ಲು ಹರಿಯೋ ಹಂಗೆ ಕೂಗ್ದೆ! ಮಾತೇ ಬರ್ಲಿಲ್ಲ!” ಎಂದು ಪುಟ್ಟೀರಮ್ಮ ಗಾಡಿಯ ಹಿಡಿಯನ್ನು ಹಿಂದಕ್ಕೆ ಜಗ್ಗುತ್ತಾ ಅಳುವ ದನಿಯಲ್ಲಿ ಹೇಳಿದಳು.

ನಾನು ಗಿರಣಿಯ ಬಾಗಿಲಲ್ಲಿ ಸೆರಗಿನ ಹಿಟ್ಟು ಕೊಡವುತ್ತಾ ನಿಂತಿದ್ದೆ. ಏನಪ್ಪ ಇದು ಅಂತ ನಾನೂ ಆ ಮಾತನ್ನು ಆಡಲು ನೋಡಿದೆ. ಹಲ್ಲು ಸೇರಿದವು, ಬಾಯಿ ತೆರೆಯಿತು, ನಾಲಿಗೆ ಮೇಲಕ್ಕೆದ್ದಿತು, ಹೊರಗೆ ಬಂದದ್ದು ಮಾತ್ರ ಬಿಸಿ ಕಾಫಿ ಊದುವಂಥ ಉಸಿರು. ಎದುರು ಮನೆಯವರು ಪ್ರಯತ್ನಿಸಿದರು, ಅವರ ಪಕ್ಕದವರು ಪ್ರಯತ್ನಿಸಿದರು. ಒಂದು ಗಳಿಗೆಯಲ್ಲಿ ಓಣಿಯ ತುಂಬ ಉಫ್ ಉಫ್ ಎಂದು ಊದುವ ಸದ್ದು. ಊರಿಗೆ ಊರೇ ಕಾಫಿ ಆರಿಸುತ್ತಾ ಕೂತಂತೆ ಇತ್ತು.

“ಹೋಯ್ತು ಕಣ್ರಪ್ಪ! ಆ ಮಾತು ಹೋಯ್ತು!” ಎಂದು ಸೈಕಲ್ ರಿಪೇರಿಯ ಬಶೀರ್ ಸಾಬರು ಕೈಯಲ್ಲಿದ್ದ ಪಂಪನ್ನೇ ಕೆಳಗೆ ಬಿಟ್ಟರು.

ಹೋದದ್ದು ʻಸೈಡುʼ. ಬರೆಯುವುದಕ್ಕೆ ಅಡ್ಡಿಯಿಲ್ಲ, ನೋಡಿ, ಬರೆದೆ. ಬಾಯಿಗೆ ಮಾತ್ರ ಬರುತ್ತಿರಲಿಲ್ಲ.

ನಮ್ಮೂರಲ್ಲಿ ಹೊರಗಿನಿಂದ ಬಂದ ಮಾತಿಗೆ ಒಂದು ಮನೆ ಇರಬೇಕು. ಆ ಮಾತನ್ನು ಊರಲ್ಲಿ ಮೊದಲು ಆಡಿದವರ ಮನೆ. ಹೊತ್ತು ತಂದವರದಲ್ಲ, ತನಗೆ ಬೇಕಾಗಿ ತನ್ನ ಬಾಯಿಂದ ಮೊದಲು ಆಡಿದವರದು. ʻಪೋಸ್ಟುʼ ಎಂಬುದನ್ನು ಖಾಕಿ ತೊಟ್ಟವನು ಚೀಲದಲ್ಲಿ ಹಾಕಿಕೊಂಡು ಬಂದರೂ, ಅದು ಇರುವುದು ಬಳೆಗಾರರ ಮನೆಯಲ್ಲಿ, ಯಾಕೆಂದರೆ ಗಂಡನ ಕಾಗದಕ್ಕೆ ಕಾದು ಕಾದು “ಪೋಸ್ಟು ಬಂತಾ?” ಎಂದು ಮೊದಲು ಕೇಳಿದವಳು ಆ ಮನೆಯ ಸೊಸೆ. ʻಬ್ರೇಕುʼ ಬಶೀರ್ ಸಾಬರ ತಾತನದು. ʻಸೋಪುʼ ಮಡಿವಾಳರದು. ಬಾಗಿಲ ಮೇಲೆ ಸುಣ್ಣದಲ್ಲಿ ಆ ಮಾತು ಬರೆದಿರುತ್ತದೆ. ಹಬ್ಬ ಬಂತೆಂದರೆ ಮೊದಲು ಅದನ್ನೇ ಹೊಸದಾಗಿ ಬರೆಯುವುದು. ವರ್ಷಕ್ಕೊಮ್ಮೆ ಆ ಮನೆಯವರು ಮಾತು ಹುಟ್ಟಿದ ಕಥೆಯನ್ನು ಒಬ್ಬರ ಮುಂದಾದರೂ ದನಿಯೆತ್ತಿ ಹೇಳಬೇಕು. ಹೇಳದೆ ವರ್ಷ ತುಂಬಿತೋ, ಮಾತು ಊರಿನ ನಾಲಿಗೆಯಿಂದ ಜಾರಿತು. ʻಟಾರ್ಚುʼ ಇದ್ದ ಮನೆಯವರು ಊರು ಬಿಟ್ಟಾಗ ಏಳು ವರ್ಷ ನಾವು “ಆ ಬೆಳಕಿನ ಕೊಳವೆ ಕೊಡಿ” ಎಂದುಕೊಂಡೇ ಇದ್ದೆವು. ಅವರ ಮಗಳು ಮದುವೆಯಾಗಿ ಮತ್ತೆ ಇಲ್ಲಿಗೇ ಬಂದು, ಅಕ್ಕಿ ಸೇರು ಒದ್ದು ಒಳಗೆ ಕಾಲಿಟ್ಟವಳು ಮೊದಲು ಆ ಕಥೆ ಹೇಳಿದಳು. ಆವತ್ತು ಗಂಡು ಹೆಣ್ಣೆನ್ನದೆ ಎಲ್ಲರೂ “ಟಾರ್ಚು ಟಾರ್ಚು” ಎಂದು ಕೂಗಿಕೊಂಡು ಊಟಕ್ಕೆ ಕೂತದ್ದು ನನಗೆ ಚೆನ್ನಾಗಿ ನೆನಪಿದೆ.

ʻಸೈಡುʼ ಮಾತ್ರ ಯಾವ ಬಾಗಿಲ ಮೇಲೂ ಇರಲಿಲ್ಲ. ಇಷ್ಟು ವರ್ಷ ಅದು ತಾನೇ ತಾನಾಗಿ ಬಾಯಿಗೆ ಬರುತ್ತಿತ್ತಲ್ಲ, ಯಾರ ಮನೆಯದು ಎಂದು ಯಾರೂ ಕೇಳಿರಲೇ ಇಲ್ಲ. ಉಪ್ಪು ಇದ್ದಾಗ ಉಪ್ಪಿನ ಮಾತು ಯಾಕೆ?

ಇಲ್ಲದಾದ ಮೇಲೆ ಗೊತ್ತಾಯಿತು. ಹೋಟೆಲಿನಲ್ಲಿ “ಚಟ್ನಿ ಆ…” ಎಂದು ಶುರು ಮಾಡಿದವರು ತಟ್ಟೆಯ ಅಂಚನ್ನು ಬೆರಳಲ್ಲಿ ತೋರಿಸಿದರು. ದರ್ಜಿಯ ಅಂಗಡಿಯಲ್ಲಿ ಕುಪ್ಪಸ ಎಲ್ಲಿ ಬಿಗಿ ಎಂದು ಹೇಳಲು ಹೆಂಗಸರು ಕಂಕುಳೆತ್ತಿ ನಿಲ್ಲಬೇಕಾಯಿತು. ಬೀಗರ ಮಾತುಕತೆಯಲ್ಲಿ ಹುಡುಗನವರು ಯಾರು, ಹುಡುಗಿಯವರು ಯಾರು ಎಂದು ಹೇಳಲು ಒದ್ದಾಡಿ, ಕೊನೆಗೆ ಕಾಫಿ ಕುಡಿದವರು, ಕಾಫಿ ಕೊಟ್ಟವರು ಎಂದು ಬೇರೆ ಮಾಡಿಕೊಂಡರು. ಒಳ್ಳೆಯದೂ ಆಗದೆ ಇರಲಿಲ್ಲ ಅನ್ನಿ. ವರ್ಷವೆಲ್ಲ ಕಿತ್ತಾಡುವ ಮಗ್ಗದ ಮನೆಯ ಅಣ್ಣತಮ್ಮಂದಿರು ಅವತ್ತೂ ಕಿತ್ತಾಡಿ, ತಾಯಿಯ ಕಡೆ ತಿರುಗಿ “ನೀನು ಯಾರ…” ಎಂದವರು, ಮುಂದಿನದು ಬಾಯಿಗೆ ಬಾರದೆ ಮುಖ ಮುಖ ನೋಡಿಕೊಂಡರು. ತಾಯಿ ಇಬ್ಬರಿಗೂ ಮುದ್ದೆ ಬಡಿಸಿಬಿಟ್ಟಳು.

ಬೇರೆಯವರಿಗೆಲ್ಲ ಅದು ತಮಾಷೆ. ಪುಟ್ಟೀರಮ್ಮನಿಗೆ ಅದು ಬದುಕು. ನಮ್ಮೂರಿಗೆ ಇರುವುದು ಒಂದೇ ಓಣಿ. ಮೇಲೆ ಗುಡ್ಡದ ಚಿಲುಮೆ, ಕೆಳಗೆ ಬಸ್ಸು ನಿಲ್ಲುವ ಜಾಗ, ನಡುವೆ ಇಳಿಜಾರು. ಆ ಇಳಿಜಾರು ಒಂದೇ ಒಂದು ಕಡೆ ಸಮವಾಗುತ್ತದೆ; ಅಲ್ಲಿರುವ ಅಗಲವಾದ ಕಲ್ಲಿಗೆ ನಡುಚಪ್ಪಡಿ ಎನ್ನುತ್ತೇವೆ. ಓಣಿಯ ಅಗಲವೆಂದರೆ ಒಂದು ಗಾಡಿ, ಮತ್ತೆ ಅರ್ಧ ಮನುಷ್ಯ. ಗಾಡಿ ಬಂತೆಂದರೆ ಮಿಕ್ಕರ್ಧ ಮನುಷ್ಯ ಯಾರದಾದರೂ ಜಗಲಿ ಹತ್ತಲೇಬೇಕು. ಪುಟ್ಟೀರಮ್ಮ ಎಂಟು ಡ್ರಮ್ಮು ನೀರು ಹೇರಿಕೊಂಡು, ಹಿಡಿಯನ್ನು ಹಿಂದಕ್ಕೆ ಜಗ್ಗುತ್ತಾ, ಬರಿಗಾಲ ಹಿಮ್ಮಡಿಯನ್ನು ಕಲ್ಲಿಗೆ ಊರಿ ಊರಿ ಇಳಿಯುವವಳು. ಆ ಗಾಡಿಗೆ ಬೇರೆ ಬ್ರೇಕಿಲ್ಲ. ಅವಳ ಕೂಗೇ ಬ್ರೇಕು. “ಸೈಡ್! ಸೈಡ್! ಸೈಡ್!” ಎಂದು ಅವಳು ಮೇಲಿಂದ ಕೂಗಿದರೆ ನಿದ್ದೆಯಲ್ಲಿದ್ದವರೂ ಹೊರಳಿ ಮಲಗುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಆ ಗಾಡಿ ಅವಳನ್ನೂ ಅವಳ ಅತ್ತೆ ಹೊನ್ನಜ್ಜಿಯನ್ನೂ ಸಾಕಿತ್ತು, ಅವಳು ಊರಿಗೆ ನೀರು ಕುಡಿಸಿದ್ದಳು.

ಅವತ್ತೇ ಸಂಜೆ, ಗುರುವಾರ, ತಿಪ್ಪಯ್ಯ ಮೇಷ್ಟ್ರು ಕಾಲಿಗೆ ಅರಿಶಿನದ ಪಟ್ಟಿ ಕಟ್ಟಿಸಿಕೊಂಡು ನಡುಚಪ್ಪಡಿಯ ಮೇಲೆ ಕೂತರು. ಊರಿನ ಮಾತಿನ ವ್ಯವಹಾರವೆಲ್ಲ ಅವರದೇ.

“ನನ್ನ ಬೆರಳು ಹೋದ್ರೆ ಹೋಗ್ಲಿ ಕಣಮ್ಮ. ನಾಳೆ ಒಂದು ಮಗು ಬಂದ್ರೆ ಏನ್ಮಾಡ್ತೀಯ?” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಕಷ್ಟ. “ಸೋಮವಾರದವರೆಗೆ ನೋಡೋಣ. ಆ ಮಾತಿನ ಮನೆಯವರು ಸಿಕ್ಕಿದ್ರೆ ಸರಿ. ಸಿಗ್ಲಿಲ್ಲಾಂದ್ರೆ ಗಾಲಿ ಕಳಚಿ ಇಲ್ಲಿ ತಂದಿಡು. ನೀರು ಎಲ್ಲರೂ ಅವರವರೇ ಹೊತ್ಕೊಳ್ಳಲಿ.”

“ಗಾಲಿ ಕಳಚಿದ್ರೆ ನಾನು ಏನ್ ಕಳಚಿಕೊಂಡು ಕೂರ್ಲಿ ಮೇಷ್ಟ್ರೇ?” ಎಂದಳು ಪುಟ್ಟೀರಮ್ಮ.

ಶುಕ್ರವಾರ ಅವಳು ಸುಮ್ಮನೆ ಕೂರಲಿಲ್ಲ. “ಪಕ್ಕಕ್ಕೆ ಸರೀರಪ್ಪೋ” ಎಂದು ಕೂಗಿ ನೋಡಿದಳು. ಮಾತು ಮುಗಿಯುವುದರೊಳಗೆ ಗಾಡಿ ಎರಡು ಮನೆ ದಾಟಿರುತ್ತಿತ್ತು. “ದಾರಿ ಬಿಡಿ” ಎಂದಳು, ಬಶೀರ್ ಸಾಬರು ತಿರುಗಿ ನಿಂತು, “ಯಾರು, ನಾನಾ? ಬಿಡೋಣ, ಅದಕ್ಕೇನು, ಬಾಮ್ಮ” ಎಂದು ದಾರಿಯ ಮಧ್ಯದಲ್ಲೇ ಮರ್ಯಾದೆ ತೋರಿಸಿದರು. “ಬದಿಗೆ” ಎಂದರೆ “ಯಾವ ಬದಿಗೆ?” ಎಂಬ ಪ್ರಶ್ನೆ. ನಾನೇ ಹಲಗೆಯ ಮೇಲೆ ದೊಡ್ಡದಾಗಿ ʻಸೈಡ್ʼ ಎಂದು ಬರೆದು ಗಾಡಿಯ ಮುಂದೆ ಕಟ್ಟಿಕೊಟ್ಟೆ. ನನ್ನ ಜಾಣತನಕ್ಕೆ ಬೆಂಕಿ ಹಾಕ! ಇಳಿಯುವ ಗಾಡಿಗೆ ಜನ ಬೆನ್ನು ಹಾಕಿ ನಡೆಯುತ್ತಾರೆ, ಬೆನ್ನಿಗೆ ಕಣ್ಣಿದೆಯೇ? ತಟ್ಟೆ ಬಾರಿಸಿದಳು, ಯಾರೋ ಐಸ್ ಮಾರಲು ಬಂದರೆಂದು ಮಕ್ಕಳೆಲ್ಲ ಓಣಿಗೇ ಓಡಿಬಂದವು. ಅವಳು ಎದೆ ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದಳು. ಬೇರೆ ಮಾತುಗಳು ಕಿವಿಗೆ ಹೋಗಿ, ತಲೆಗೆ ಹೋಗಿ, ಅಲ್ಲಿ ವಿಚಾರ ನಡೆದು, ಆಮೇಲೆ ಕಾಲಿಗೆ ಇಳಿಯುತ್ತಿದ್ದವು. ಆ ಒಂದು ಮಾತು ಮಾತ್ರ ಕಿವಿಯಿಂದ ನೇರ ಕಾಲಿಗೆ ಹೋಗುತ್ತಿತ್ತು.

ಶನಿವಾರ ಬೆಳಗ್ಗೆ ನಡುಚಪ್ಪಡಿಯ ಮೇಲೆ ಜನವೋ ಜನ. ಮಾತಿನ ಮನೆ ನಮ್ಮದು ಎಂದು ಹೇಳಿಕೊಳ್ಳುವವರು ಕಥೆ ಹೇಳಬೇಕು. ಕಥೆ ಮುಗಿದ ಮೇಲೆ ಮೊದಲು ಆ ಮಾತನ್ನು ಆಡುವ ಹಕ್ಕೂ ಅವರದೇ. ನಿಜವಾಗಿದ್ದರೆ ಅವರ ಬಾಯಿಗೆ ಬರುತ್ತದೆ, ಹಿಂದೆಯೇ ಊರಿನ ಬಾಯಿಗೆಲ್ಲ. ಸುಳ್ಳಾದರೆ ಗಾಳಿ.

ಮೊದಲು ಎದ್ದವರು ದಫೇದಾರ್ ಮನೆಯ ವೀರಬಸಪ್ಪ. ಎತ್ತರದ ಆಳು, ಇಸ್ತ್ರಿ ಮಾಡಿದ ಅಂಗಿ, ಕಲ್ಲಿಗೆ ಕುಟ್ಟುವ ಬೆತ್ತ. ಅವರ ಮನೆಯ ಬಾಗಿಲ ಮೇಲೆ ಆಗಲೇ ನಾಲ್ಕು ಮಾತು ಇವೆ. ಐದನೆಯದಕ್ಕೆ ಜಾಗ ಬಿಟ್ಟು ಸುಣ್ಣ ಹೊಡೆಸಿದ್ದರು.

“ನಮ್ಮ ಮುತ್ತಾತ ದಫೇದಾರರು ಜಮೀನು ಅಳೆಯೋಕೆ ಬಂದ ಬಿಳೀ ದೊರೆಯ ಕುದುರೆ ಮುಂದೆ ಓಡ್ತಿದ್ರು,” ಎಂದು ಶುರು ಮಾಡಿದರು. “ಕುದುರೆ ಮೇಲೆ ದೊರೆ, ಮುಂದೆ ನಮ್ಮ ಮುತ್ತಾತ, ಕೈಯಲ್ಲಿ ಇದೇ ಬೆತ್ತ. ಈ ಓಣೀಲಿ ಇಂಥ ಮಾತೇ ಇರಲಿಲ್ಲ. ದೊರೆ ಅಪ್ಪಣೆ ಕೊಟ್ರು, ನಮ್ಮ ಮುತ್ತಾತ ಕೂಗಿದ್ರು, ಇಡೀ ಓಣಿ ಗೋಡೆಗಂಟ್ಕೊಳ್ತು! ಆವತ್ತು ಕೂಗಿದ ಮಾತು ಯಾವುದಪ್ಪಾ ಅಂದ್ರೆ…”

ಎದೆಯುಬ್ಬಿಸಿ ಬಾಯಿ ತೆರೆದರು. ಉಫ್ ಎಂದು ಅವರ ಮೀಸೆ ಹಾರಿತು.

“ಗಂಟಲು ಒಣಗಿದೆ,” ಎಂದು ನೀರು ತರಿಸಿ ಕುಡಿದು ಮತ್ತೆ ಊದಿದರು. ಹಿಂದಿನಿಂದ ಯಾರೋ “ಕಾಫಿ ಆರ್ತಾ ಅಣ್ಣ?” ಎಂದರು. ಓಣಿ ಬಿದ್ದು ಬಿದ್ದು ನಕ್ಕಿತು. ವೀರಬಸಪ್ಪ ಬೆತ್ತ ಕುಟ್ಟುತ್ತಾ ಹೋದರು. ಆಮೇಲೆ ಬಶೀರ್ ಸಾಬರು ತಮ್ಮ ಮಾವ ಲಾರಿ ಹಿಂದೆ ನಿಂತು ಕೂಗುತ್ತಿದ್ದ ಕಥೆ ಹೇಳಿ, ತಮ್ಮ ಗಾಳಿಗೆ ತಾವೇ ಮೊದಲು ನಕ್ಕರು. “ಬ್ರೇಕು ಇದ್ದ ಮನೇಲಿ ಇದೂ ಇದ್ರೆ ಜೋಡಿ ಚೆನ್ನಾಗಿರ್ತದೆ ಅಂತ ಆಸೆಬಿದ್ದೆ ಕಣ್ರಪ್ಪ,” ಎಂದರು. ಅಷ್ಟೇ. ಮೂರನೆಯವರು ಯಾರೂ ಏಳಲಿಲ್ಲ. ಮೇಷ್ಟ್ರು ಪುಟ್ಟೀರಮ್ಮನ ಕಡೆ ನೋಡಲಾರದೆ ಕಾಲಿನ ಪಟ್ಟಿಯನ್ನು ನೋಡಿಕೊಂಡು ಕೂತರು.

ಈಗ ನನ್ನ ವಿಷಯ ಒಂದಿಷ್ಟು ಹೇಳಬೇಕು. ನಾನು ಗಿರಣಿ ನೀಲಕ್ಕ. ಶಾಲೆಗೆ ಹೋದದ್ದು ಎರಡೇ ವರ್ಷ. ಉಳಿದ ಅಕ್ಷರವನ್ನೆಲ್ಲ ಹಿಟ್ಟಿನ ಡಬ್ಬದ ಮೇಲಿನ ಹೆಸರು, ಪೊಟ್ಟಣ ಕಟ್ಟಿದ ಪೇಪರು ಓದಿಯೇ ಕಲಿತೆ. ಜನರ ಮಾತೆಂದರೆ ನನಗೆ ಪ್ರಾಣ, ಆದರೆ ದೇವರು ಕೂರಿಸಿದ್ದು ಗಿರಣಿಯ ಸದ್ದಿನಲ್ಲಿ. ಬೆಲ್ಟು ತಿರುಗಿ ಕಲ್ಲು ಗುಡುಗಲು ಶುರುವಾದರೆ ಪಕ್ಕದಲ್ಲಿ ಸಿಡಿಲು ಬಿದ್ದರೂ ಕೇಳುವುದಿಲ್ಲ. ಇಪ್ಪತ್ತು ವರ್ಷದಲ್ಲಿ ನಾನು ತುಟಿ ಓದುವುದನ್ನು ಕಲಿತುಬಿಟ್ಟಿದ್ದೇನೆ. “ನುಣ್ಣಗೆ ಬೀಸು”, “ಜೋಳದ ಮೇಲೆ ರಾಗಿ ಹಾಕಬೇಡ”, “ಸೊಸೆಗೆ ತಿಂಗಳಾಯ್ತು” ಎಲ್ಲವೂ ನನಗೆ ತುಟಿಯಲ್ಲೇ ತಿಳಿಯುತ್ತದೆ. ತಿಳಿಯದ್ದಕ್ಕೆ ತಲೆಯಾಡಿಸುತ್ತೇನೆ. ಗಿರಾಕಿಗೆ ಬೇಕಾದದ್ದು ಅಷ್ಟೇ ತಾನೇ?

ಭಾನುವಾರ ಮಧ್ಯಾಹ್ನ ಪುಟ್ಟೀರಮ್ಮ ಒಂದು ಮೊರ ರಾಗಿ ತಂದಳು. ಮುಖ ಬತ್ತಿತ್ತು. ರಾಗಿ ಸುರಿದು, ಕಲ್ಲು ಗುಡುಗುವಾಗ ಗೋಡೆಗೊರಗಿ ನಿಂತು ತನ್ನಷ್ಟಕ್ಕೆ ತಾನೇ ಏನೋ ಆಡಿಕೊಳ್ಳುತ್ತಿದ್ದಳು. ನಾನು ಹಿಟ್ಟು ಬೀಳುವ ಬಟ್ಟೆಯ ಬಾಯಿಯನ್ನು ಹಿಡಿದು ಸುಮ್ಮನೆ ಅವಳ ತುಟಿ ನೋಡಿದೆ. ಹಲ್ಲು ಸೇರುತ್ತವೆ, ದವಡೆ ಇಳಿಯುತ್ತದೆ, ನಾಲಿಗೆ ಮೇಲೇಳುತ್ತದೆ. ಮತ್ತೆ ಹಲ್ಲು ಸೇರುತ್ತವೆ, ದವಡೆ ಇಳಿಯುತ್ತದೆ. ಅಯ್ಯೋ ಪಾಪ, ಅದೇ ಮಾತನ್ನು ಅಭ್ಯಾಸ ಮಾಡುತ್ತಿದ್ದಾಳೆ ಎಂದುಕೊಂಡೆ.

ಎಂದುಕೊಂಡವಳ ಕೈ ಹಾಗೇ ನಿಂತಿತು. ಈ ಗೋಡೆ, ಈ ರಾಗಿ, ಈ ಆಕಾರದ ಬಾಯಿ. ಇದನ್ನು ನಾನು ನೋಡಿದ್ದೇನೆ! ನಾಲ್ಕೇ ಹಲ್ಲುಳಿದ ಬಾಯಲ್ಲಿ, ಸುಕ್ಕು ತುಟಿಯಲ್ಲಿ. ಒಂದು ಸಲವಲ್ಲ, ವರ್ಷಾ ವರ್ಷಾ ನೋಡಿದ್ದೇನೆ!

ಬೆಲ್ಟು ಎಳೆದೇ ಬಿಟ್ಟೆ. ಕಲ್ಲು ಗೊರ ಗೊರ ಎಂದು ನಿಂತಿತು.

“ಯಾಕೆ ನೀಲಕ್ಕ? ಕರೆಂಟು ಹೋಯ್ತಾ?”

“ನಿಮ್ಮತ್ತೆ! ನಿಮ್ಮತ್ತೆ ಕಣೇ ಪುಟ್ಟೀರಿ!”

“ಅತ್ತೆಗೆ ಏನಾಯ್ತು?” ಅವಳ ಕಣ್ಣು ಅಗಲವಾಯಿತು.

“ಏನೂ ಆಗಿಲ್ಲ, ನನಗೆ ಆಗಿರೋದು, ನನ್ನ ಬುದ್ಧಿಗೆ! ಹೊಸ ರಾಗಿ ಬಂದಾಗ ಮೊದಲನೇ ಮೊರ ತಗೊಂಡು ನಿಮ್ಮತ್ತೆನೇ ಬರ್ತಾಳಲ್ವಾ? ನಿನ್ನ ಕೈಲಿ ಕಳಿಸಿದ್ದುಂಟಾ ಯಾವತ್ತಾದ್ರೂ? ಇಲ್ಲ! ಗಿರಣಿ ಜೋರಾದ ಮೇಲೆ ಅಲ್ಲಿ, ನೀನು ನಿಂತಿದ್ದೀಯಲ್ಲ ಅದೇ ಜಾಗದಲ್ಲಿ ನಿಂತ್ಕೊಂಡು, ನನ್ನ ಮುಖ ನೋಡ್ಕೊಂಡು ಏನೋ ಉದ್ದಕ್ಕೆ ಹೇಳ್ತಾಳೆ. ಕುದುರೆ ಅಂತಾಳೆ, ಕೊಡ ಅಂತಾಳೆ. ಮುದುಕಿ ಕನಸು ಹೇಳ್ತಾಳೆ ಅಂತ ನಾನು ಹೂಂ ಹೂಂ ಅಂತ ತಲೆ ಆಡಿಸ್ತೀನಿ. ಕೊನೆಗೆ ಬಾಯಿ ಹಿಂಗೆ ಮಾಡ್ತಾಳೆ ಕಣೇ, ಹಿಂಗೆ!” ಎಂದು ನಾನೂ ಹಲ್ಲು ಸೇರಿಸಿ ದವಡೆ ಇಳಿಸಿ ತೋರಿಸಿದೆ.

ಪುಟ್ಟೀರಮ್ಮ ನನ್ನ ಬಾಯಿಯನ್ನೇ ನೋಡಿದಳು. “ಈ ವರ್ಷಾನೂ ಬಂದಿದ್ಲು ನೀಲಕ್ಕ. ಹೋದ ವಾರ.”

“ಬಂದಿದ್ಲು. ಹೇಳಿದ್ಲು. ನಾನೂ ತಲೆ ಆಡಿಸ್ದೆ.”

“ಆದ್ರೆ ಮಳೆಗಾಲದಲ್ಲಿ ಗಂಟಲು ಬಿದ್ದಾಗಿಂದ ಅವಳಿಗೆ ದನಿಯೇ ಇಲ್ವಲ್ಲ!”

ಇಬ್ಬರೂ ಒಂದೇ ಸಲ ಬಾಯಿ ಮೇಲೆ ಕೈ ಇಟ್ಟುಕೊಂಡೆವು. ಇಪ್ಪತ್ತು ವರ್ಷ ಹೊನ್ನಜ್ಜಿ ನನ್ನ ಮುಂದೆ ದನಿಯೆತ್ತಿ ಆ ಕಥೆ ಹೇಳಿ ಮಾತನ್ನು ಉಳಿಸಿದ್ದಳು, ನನಗೆ ಕೇಳಿಸಿರಲಿಲ್ಲ. ಈ ವರ್ಷ ದನಿಯಿಲ್ಲದೆ ಹೇಳಿದಳು, ಆಗಲೂ ಕೇಳಿಸಲಿಲ್ಲ. ನನಗೆ ಎರಡೂ ಒಂದೇ ಥರ ಕಂಡಿತ್ತು! ಬೀಸುತ್ತಿದ್ದ ರಾಗಿಯನ್ನು ಅಲ್ಲೇ ಬಿಟ್ಟು, ಹಿಟ್ಟು ಮೆತ್ತಿದ ಮುಖದಲ್ಲೇ ಓಡಿದೆವು.

ಹೊನ್ನಜ್ಜಿಯ ಮನೆ ನಡುಚಪ್ಪಡಿಗಿಂತ ಒಂದು ಮಾರು ಮೇಲೆ. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಪುಟ್ಟೀರಮ್ಮ ಹೋಗಿ ಅವಳ ಮೊಣಕಾಲು ಹಿಡಿದುಕೊಂಡಳು. “ಅತ್ತೆ, ಆ ಮಾತು ನಮ್ಮನೇದಾ?”

ಅಜ್ಜಿ ಅವರೆಕಾಯಿ ಕೆಳಗಿಟ್ಟಳು. ಸೊಸೆಯನ್ನು ನೋಡಿದಳು, ನನ್ನನ್ನು ನೋಡಿದಳು, ಓಣಿಯ ಆಚೆ ಈಚೆ ನೋಡಿದಳು. ಆಮೇಲೆ ಎದ್ದು, ಸೆರಗು ಹೊದ್ದು, ಗಿರಣಿಯ ಕಡೆ ಹೊರಟೇಬಿಟ್ಟಳು. ನಾವು ಹಿಂದೆ ಹಿಂದೆ. ಗಿರಣಿಯೊಳಗೆ ಬಂದು ತನ್ನ ಜಾಗದಲ್ಲಿ ನಿಂತಳು, ನಾನು “ಹೇಳಜ್ಜಿ” ಎಂದೆ. ಅವಳು ತಲೆಯಲ್ಲಾಡಿಸಿ ಬೆಲ್ಟಿನ ಕಡೆ ಬೆರಳು ತೋರಿಸಿದಳು.

“ಯಾಕಜ್ಜಿ? ನಿನಗೆ ದನಿಯೇ ಇಲ್ಲ, ಯಾರಿಗೆ ಕೇಳಿಸ್ತದೆ?”

ಮತ್ತೆ ಬೆಲ್ಟಿನ ಕಡೆಗೇ ಬೆರಳು. ಗಿರಣಿ ಗುಡುಗದೆ ಅವಳ ತುಟಿ ಬಿಚ್ಚುವುದಿಲ್ಲ! ಬೆಲ್ಟು ಹಾಕಿದೆ. ಕಲ್ಲು ಜೋರಾಗುವವರೆಗೆ ಕಾದು, ಆಮೇಲೆ ಅಜ್ಜಿ ಹೇಳತೊಡಗಿದಳು. ನಾನು ಕಣ್ಣು ಮಿಟುಕಿಸದೆ ತುಟಿ ಓದಿ, ಒಂದೊಂದೇ ಮಾತನ್ನು ಪುಟ್ಟೀರಮ್ಮನ ಕಿವಿಗೆ ಬಾಯಿಟ್ಟು ಕೂಗಿದೆ. ಮೊದಲ ಸಲ ಆ ಕಥೆ ನನಗೆ ಪೂರ್ತಿ ತಿಳಿದದ್ದು. ಕೇಳುತ್ತಾ ಕೇಳುತ್ತಾ ಪುಟ್ಟೀರಮ್ಮನ ಬೆನ್ನು ಗೋಡೆಯಿಂದ ಏಳುತ್ತಾ ಬಂತು.

ಕೊನೆಗೆ ಅಜ್ಜಿ ತನ್ನ ಎದೆ ಮುಟ್ಟಿಕೊಂಡಳು: ಬಾಯಿಬಿಡಬಾರದೆಂಬ ಆಣೆ ನನ್ನದು. ಸೊಸೆಯ ಎದೆಗೆ ಬೆರಳು ತಾಗಿಸಿದಳು: ಅವಳದಲ್ಲ.

ಸೋಮವಾರ ಬೆಳಗ್ಗೆ ಪುಟ್ಟೀರಮ್ಮ ನಡುಚಪ್ಪಡಿಗೆ ಬಂದಾಗ ಅಲ್ಲಿ ಎರಡು ಸ್ಪ್ಯಾನರು ಇಟ್ಟುಕೊಂಡು ಬಶೀರ್ ಸಾಬರು ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು, ಗಾಲಿ ಕಳಚುವ ಕೆಲಸ ಅವರ ಪಾಲಿಗೆ ಬಂದಿತ್ತು. ಹೊನ್ನಜ್ಜಿ ಅವರೆಕಾಯಿಯ ಮೊರ ಪಕ್ಕದಲ್ಲಿಟ್ಟುಕೊಂಡು ತನ್ನ ಜಗಲಿಯ ಮೇಲೆ ಕೂತಿದ್ದಳು. ವೀರಬಸಪ್ಪನವರೂ ಬಂದಿದ್ದರು.

“ಏನಮ್ಮ, ಗಾಡಿ ತರ್ಲಿಲ್ವಾ?” ಎಂದರು ಮೇಷ್ಟ್ರು.

“ಕಥೆ ತಂದಿದ್ದೀನಿ ಮೇಷ್ಟ್ರೇ.”

ನೀರಿನ ಗಾಡಿಯವರ ಮನೆಯಿಂದ ಮಾತಿನ ಕಥೆ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಅದೇ ನೋಡಿ ನಮ್ಮ ತಪ್ಪು. ಮೂರು ದಿನ ಊರೆಲ್ಲ ಹುಡುಕಿದೆವು, ಬಾಗಿಲ ಮೇಲೆ ಸುಣ್ಣ ಇದ್ದ ಮನೆಗಳನ್ನು ಮಾತ್ರ ಹುಡುಕಿದೆವು.

“ವೀರಬಸಪ್ಪಣ್ಣ ಹೇಳಿದ್ದು ಸುಳ್ಳಲ್ಲ,” ಎಂದು ಶುರು ಮಾಡಿದಳು ಪುಟ್ಟೀರಮ್ಮ. “ದೊರೆ ಕುದುರೆ ಮೇಲೆ ಬರ್ತಿದ್ದ. ಅಣ್ಣನ ಮುತ್ತಾತ ಮುಂದೆ ಬೆತ್ತ ಬೀಸ್ಕೊಂಡು ಕೂಗ್ತಿದ್ರು. ಕೇಳಿದವರೆಲ್ಲ ಗೋಡೆಗಂಟ್ಕೊಳ್ತಿದ್ರು. ಅದೂ ನಿಜ. ಆದ್ರೆ ಅದು ದೊರೆ ಮಾತು, ದೊರೆಗಾಗಿ ಕೂಗಿದ್ದು. ನಮ್ಮತ್ತೆಯ ಅತ್ತೆ ಕರಿಯವ್ವ ಅಂತ ಇದ್ಲು, ಚಿಲುಮೆಯಿಂದ ನೀರು ಹೊರೋಳು. ಒಂದಿನ ಅವಳು ಸರಿಯೋದು ತಡವಾಯ್ತು. ಬೆತ್ತ ಬಿತ್ತು, ತಲೆ ಮೇಲಿನ ಕೊಡ ಹೋಯ್ತು. ಅವಳು ಅಳ್ಲಿಲ್ವಂತೆ. ಆ ಮಾತನ್ನ ಮಾತ್ರ ಒಂದು ಚೂರೂ ಬಿಡದೆ ನೆನಪಿಟ್ಕೊಂಡ್ಲಂತೆ.”

“ಮುಂದೆ?” ಎಂದರು ಬಶೀರ್ ಸಾಬರು. ಸ್ಪ್ಯಾನರು ಕೆಳಗಿಟ್ಟಿದ್ದರು.

“ಮಾರನೇ ದಿನ ತಲೆ ಮೇಲೊಂದು, ಸೊಂಟದಲ್ಲೊಂದು ಕೊಡ ಇಟ್ಕೊಂಡು ಮೇಲಿಂದ ಇಳೀತಾ ಇದ್ದಾಳೆ. ಕೆಳಗಿಂದ ಬೆತ್ತ, ಬೆತ್ತದ ಹಿಂದೆ ಕುದುರೆ. ಬೆತ್ತ ಬಾಯಿ ತೆಗೆಯೋಕೆ ಮೊದಲೇ ಇವಳು ಕೂಗಿದ್ಲು. ಹೊಟ್ಟೆಯೊಳಗಿಂದ ಕೂಗಿದ್ಲು. ಮನುಷ್ಯರು ಏನ್ ಮಾಡ್ತಿದ್ರೋ ಗೊತ್ತಿಲ್ಲ. ಕುದುರೆ ಇದ್ಯಲ್ಲ ಮೇಷ್ಟ್ರೇ, ದಿನವೆಲ್ಲ ಆ ಮಾತು ಕೇಳಿ ಕೇಳಿ, ಕೇಳಿದವರೆಲ್ಲ ಸರಿಯೋದನ್ನ ನೋಡಿ ನೋಡಿ ಅದಕ್ಕೂ ಮೈಗೆ ಹತ್ತಿಬಿಟ್ಟಿತ್ತು. ಟಕ್ ಅಂತ ಸರೀತು! ದೊರೆ ಸರೀಲಿಲ್ಲ. ದೊರೆ ಮೋರಿಗೆ ಬಿದ್ದ!”

ಓಣಿ ಭೋರ್ ಎಂದು ನಕ್ಕಿತು. ಮೇಷ್ಟ್ರು ನೋವು ಮರೆತು ಪಟ್ಟಿ ಕಟ್ಟಿದ ಕಾಲನ್ನೇ ನೆಲಕ್ಕೆ ಕುಟ್ಟಿ “ಅಯ್ಯಪ್ಪ” ಎಂದರು.

“ಕರಿಯವ್ವ ಒಂದು ಹನಿ ನೀರು ಚೆಲ್ಲದೆ ಮನೆಗೆ ಹೋದ್ಲು. ಸಂಜೆ ಇದೇ ಚಪ್ಪಡಿ ಮೇಲೆ ಹಿರಿಯರು ಸೇರಿ ಆಣೆ ಹಾಕಿಸಿದ್ರು. ಈ ವಿಷಯ ಒಂದು ಕಿವಿಗೂ ಬೀಳಬಾರದು, ಬಾಗಿಲ ಮೇಲೆ ಬರೀಬಾರದು. ಮೀರಿದ್ರೆ ಚಿಲುಮೆ ನೀರಿಲ್ಲ. ಆಮೇಲೆ ಅವಳು ವರ್ಷಕ್ಕೊಂದು ಸಲ ಚಿಲುಮೆ ಧುಮುಕೋ ಸದ್ದಿನಲ್ಲಿ ಸೊಸೆಗೆ ಹೇಳಿದ್ಲು. ಸೊಸೆಗೆ ಆಣೆ ಹಾಕಿಸಿದ್ಲು. ಆ ಸೊಸೆ ನಮ್ಮತ್ತೆ. ಅತ್ತೆ ಗಿರಣಿ ಸದ್ದಿನಲ್ಲಿ ನೀಲಕ್ಕನಿಗೆ ಹೇಳಿದ್ಲು. ನನಗೆ ಯಾರೂ ಆಣೆ ಹಾಕ್ಸಿಲ್ಲ. ಅದಕ್ಕೆ ಹೇಳ್ತಿದ್ದೀನಿ. ಕರಿಯವ್ವ ಆವತ್ತು ಕೂಗಿದ ಮಾತು…”

“ನಿಲ್ಸು!” ವೀರಬಸಪ್ಪನವರ ಬೆತ್ತ ಕಲ್ಲಿಗೆ ಬಿತ್ತು. ಅವರ ಮುಖ ಕೆಂಪಾಗಿತ್ತು. “ನಮ್ಮ ಮುತ್ತಾತನ್ನ ಬೆತ್ತ ಬೀಸೋನು ಮಾಡಿ, ಕುದುರೇನ ಸಾಕ್ಷಿ ಮಾಡಿ ಕಥೆ ಕಟ್ತೀಯಾ? ಇಲ್ಲಿ ಮೆಲ್ಲಗೆ ಹೇಳೋದಲ್ಲ. ಮೇಲಿಂದ ಗಾಡಿ ತಗೊಂಡು ಬಾ. ನಾನು ಓಣಿ ಮಧ್ಯ ನಿಂತಿರ್ತೀನಿ. ನಿಮ್ಮನೇ ಮಾತಾದ್ರೆ ಸರೀತೀನಿ!”

“ಎಂಟು ಡ್ರಮ್ಮು ಕಣಪ್ಪ!” ಎಂದರು ಮೇಷ್ಟ್ರು.

“ಬರ್ಲಿ.”

ಅಷ್ಟು ಹೊತ್ತಿಗೆ ಅವರು ಹೊನ್ನಜ್ಜಿಯ ಮನೆಯ ಮುಂದೆ, ಓಣಿಯ ನಟ್ಟನಡುವೆ, ಮೇಲ್ಮುಖವಾಗಿ ಕೈ ಕಟ್ಟಿ ನಿಂತಾಗಿತ್ತು. ನಾನು ಪುಟ್ಟೀರಮ್ಮನ ರಟ್ಟೆ ಹಿಡಿದುಕೊಂಡೆ. “ಬೇಡ ಕಣೇ. ಗಾಳಿ ಬಂದ್ರೆ ಏನ್ ಗತಿ?”

“ಇವತ್ತು ಕೂಗದೆ ಗಾಲಿ ಕಳಚಿ ಕೊಟ್ರೆ ಕರಿಯವ್ವನ ಕೊಡ ಎರಡನೇ ಸಲ ಒಡೆದಂಗೆ ನೀಲಕ್ಕ,” ಎಂದು ಕೈ ಬಿಡಿಸಿಕೊಂಡಳು. ಎಂಟರ ಬದಲು ಎರಡೇ ಡ್ರಮ್ಮು ಹೇರಿಕೊಂಡಳು; ವೀರಬಸಪ್ಪನವರಿಗೆ ಅವಳು ತೋರಿಸಿದ ದಯೆ ಅಷ್ಟು.

ನಾವೆಲ್ಲ ಎರಡೂ ಕಡೆಯ ಜಗಲಿ ಹತ್ತಿದೆವು. ಊರಿಗೆ ಊರೇ ತುಟಿ ಬಿಗಿಹಿಡಿದಿತ್ತು. ಮೊದಲ ಮಾತು ಮನೆಯವರದು. ಮೇಲೆ ಅವಳು ಗಾಲಿಗಿಟ್ಟಿದ್ದ ಕಲ್ಲನ್ನು ಕಾಲಲ್ಲಿ ತಳ್ಳಿದ್ದು ಕಾಣಿಸಿತು. ಗಾಡಿ ಹೊರಟಿತು. ಅವಳ ಹಿಮ್ಮಡಿ ಕಲ್ಲಿಗೆ ಊರುತ್ತಿತ್ತು, ಜಾರುತ್ತಿತ್ತು. ಬಳೆಗಾರರ ಮನೆ ದಾಟಿತು. ಮಡಿವಾಳರ ಮನೆ ದಾಟಿತು. ಗಾಲಿಯ ಗಡಗಡ ನನ್ನ ಹಲ್ಲಿನಲ್ಲಿ ಕೇಳಿಸಿತು. ವೀರಬಸಪ್ಪನವರು ಕೈ ಕಟ್ಟಿಯೇ ಇದ್ದರು, ಮೀಸೆ ಮಾತ್ರ ಅದುರುತ್ತಿತ್ತು. ಪುಟ್ಟೀರಮ್ಮ ತಲೆಯೆತ್ತಿದಳು. ಹಲ್ಲು ಸೇರಿದವು, ದವಡೆ ಇಳಿಯಿತು.

“ಸೈಡ್!”

ಅಬ್ಬಾ! ಗುಡ್ಡಕ್ಕೆ ಬಡಿದು ಹಿಂದಿರುಗಿ ಬಂತು ಆ ಕೂಗು. ಬೆತ್ತ ಓಣಿಯ ನಡುವೆಯೇ ಬಿದ್ದಿತ್ತು, ವೀರಬಸಪ್ಪನವರು ಅಲ್ಲಿರಲಿಲ್ಲ. ಹೊನ್ನಜ್ಜಿಯ ಜಗಲಿಯ ಮೇಲೆ ಗೋಡೆಗೆ ಅಂಟಿಕೊಂಡಿದ್ದರು, ಮುಖದ ಮೇಲೆ ಹಠ ಇನ್ನೂ ಹಾಗೇ ಇತ್ತು. ಗಾಡಿ ಅವರ ಮುಂದೆಯೇ ಹಾದು ನಡುಚಪ್ಪಡಿಯ ಮೇಲೆ ಹೋಗಿ ನಿಂತಿತು. “ಸೈಡು! ಸೈಡು!” ಎಂದು ಓಣಿಯ ಎಲ್ಲ ಬಾಯಿಗಳೂ ಒಟ್ಟಿಗೆ ಒಡೆದವು. ದರ್ಜಿ ಕೂಗಿದ, ಹೋಟೆಲಿನವರು ಕೂಗಿದರು, ಮಗ್ಗದ ಮನೆಯ ಅಣ್ಣತಮ್ಮಂದಿರು ಆಗಲೇ ತಾಯಿಯನ್ನು ಹುಡುಕುತ್ತಾ ಓಡಿದರು. ಬಶೀರ್ ಸಾಬರು ಸ್ಪ್ಯಾನರುಗಳನ್ನು ತಾಳದ ಹಾಗೆ ಕುಟ್ಟಿದರು. ನಾನು ಎಷ್ಟು ಸಲ ಕೂಗಿದೆನೋ ನನಗೇ ಗೊತ್ತಿಲ್ಲ.

“ನಾನೇನು ಸರೀಲಿಲ್ಲ,” ಎಂದರು ವೀರಬಸಪ್ಪ, ಉಸಿರು ಸಿಕ್ಕಿದ ಮೇಲೆ. “ಕಾಲು ಸರೀತು.”

“ಕುದುರೇನೂ ಹಂಗೇ ಹೇಳಿರ್ಬೇಕು ಅಣ್ಣ,” ಎಂದಳು ಪುಟ್ಟೀರಮ್ಮ ಕೆಳಗಿನಿಂದ, ಹಿಮ್ಮಡಿ ಉಜ್ಜಿಕೊಳ್ಳುತ್ತಾ.

ವೀರಬಸಪ್ಪನವರು ಇನ್ನೂ ಗೋಡೆ ಬಿಟ್ಟಿರಲಿಲ್ಲ. ಹೊನ್ನಜ್ಜಿ ತಲೆಯೆತ್ತಿ ಅವರನ್ನು ನೋಡಿದಳು, ಅವರೆಕಾಯಿಯ ಮೊರವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು, ಒಂದು ಗೇಣು ಆಚೆ ಸರಿದು ಕೂತು, ತೆರವಾದ ಕಲ್ಲನ್ನು ಅಂಗೈಯಲ್ಲಿ ತಟ್ಟಿದಳು. ದಫೇದಾರ್ ಮನೆಯ ವೀರಬಸಪ್ಪ ಅಲ್ಲಿ ಕೂತುಕೊಂಡರು.